ತೋಟದಿಂದ ಲೋಟಕ್ಕೆ: ಟೋಕಿಯೊದಲ್ಲಿ ಒಬ್ಬ ರೈತನ ಮಗನ ಬಾರ್

ಕೃಷಿ ಅಂಕಣದಲ್ಲಿ ಬಾರಿನ ಸುದ್ದಿ ಯಾಕಪ್ಪಾ ಅಂತ ಕೆಲವರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ಈ ವಾರದ ಬರಹದಲ್ಲಿ ಬಾಟಲಿಗಿಂತ ಸೊಪ್ಪು, ಬೇರು, ಸಿಪ್ಪೆ, ಬೀಜಗಳೇ ಹೆಚ್ಚು ಬರುತ್ತವೆ. ಊರಿನ ಹೊಲದ ನಂಟು ಬಿಡದೆ ಪೇಟೆಯಲ್ಲಿ ಬದುಕು ಕಟ್ಟಿಕೊಂಡ ಒಬ್ಬರ ಕಥೆ ಇದು. ನಮ್ಮಲ್ಲಿ ಸಣ್ಣ ಹಿಡುವಳಿ ಇಟ್ಟುಕೊಂಡು 'ಮುಂದೇನು' ಅಂತ ಕೂತವರು ಇದರಿಂದ ಒಂದೆರಡು ಲೆಕ್ಕ ಕಲಿಯಬಹುದು.

ಜಪಾನಿನ ರಾಜಧಾನಿ ಟೋಕಿಯೊದಲ್ಲಿ ಶಿಂಜುಕು ಅನ್ನೋ ಜಾಗ ಇದೆ. ನಮ್ಮ ಮೆಜೆಸ್ಟಿಕ್ಕಿನ ಹಾಗೆ, ಆದರೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಲ್ಲಿನ ರೈಲು ನಿಲ್ದಾಣ ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ನಿಲ್ದಾಣ ಅಂತ ಹೆಸರಾಗಿದೆ. ಆ ನಿಲ್ದಾಣದ ಪಶ್ಚಿಮಕ್ಕೆ, ಹೊರಗಿನಿಂದ ನೋಡಿದರೆ ಏನೂ ವಿಶೇಷ ಕಾಣದ ಒಂದು ಕಟ್ಟಡದ 9ನೇ ಮಹಡಿಯಲ್ಲಿ 'ಬೆನ್‌ಫಿಡಿಕ್' ಎಂಬ ಪುಟ್ಟ ಬಾರ್ ಇದೆ. ಒಳಗೆ ಮಂದ ಬೆಳಕು, ಮರದ ಕಟ್ಟೆ, ಅದರ ಹಿಂದೆ ಬಿಳಿ ಕೋಟು ತೊಟ್ಟ ಮಾಲೀಕರು. ಅವರ ಕೈಯಲ್ಲಿ ಕುಟ್ಟಾಣಿ. ನಮ್ಮ ಅಜ್ಜಿಯರು ಶುಂಠಿ, ಓಮ, ಮೆಣಸು ಹಾಕಿ ಕುಟ್ಟುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಗಿರಾಕಿ ಎದುರಲ್ಲೇ ಬೀಜ, ಬೇರು, ಹಸಿ ಸೊಪ್ಪು ಕುಟ್ಟಿ, ಸೋಸಿ, ಲೋಟಕ್ಕೆ ಬಗ್ಗಿಸುತ್ತಾರೆ.

ಇವರ ಹೆಸರು ಹಿರೋಯಾಸು ಕಯಾಮಾ. ಟೋಕಿಯೊಗೆ ಉತ್ತರದಲ್ಲಿ ಹೊಂದಿಕೊಂಡಿರುವ ಸೈತಾಮಾ ಪ್ರಾಂತ್ಯದ ಹಳ್ಳಿಗಾಡಿನವರು, ರೈತ ಮನೆತನ. ಬೇರೆಯವರ ಬಾರಿನಲ್ಲಿ ವರ್ಷಗಟ್ಟಲೆ ದುಡಿದು ಕೆಲಸ ಕಲಿತು, 2013ರಲ್ಲಿ ಸ್ವಂತದ್ದು ತೆರೆದರು. ಬಾರಿಗೆ ಇಟ್ಟ ಹೆಸರಿನಲ್ಲೂ ಒಂದು ತಮಾಷೆ ಇದೆ. ಜಪಾನಿ ಲಿಪಿಯಲ್ಲಿ ಅವರ ಮನೆತನದ ಹೆಸರು ಬರೆದರೆ ಮೊದಲ ಅಕ್ಷರ ಜಿಂಕೆ, ಎರಡನೆಯದು ಬೆಟ್ಟ. ಸ್ಕಾಟ್ಲೆಂಡಿನ ಹಳೆಯ ಗೇಲಿಕ್ ಭಾಷೆಯಲ್ಲಿ ಬೆಟ್ಟಕ್ಕೆ 'ಬೆನ್'. 'ಫಿಡಿಕ್' ಅಂದರೆ ಜಿಂಕೆಗೆ ಸಂಬಂಧಿಸಿದ್ದು. ಗ್ಲೆನ್‌ಫಿಡಿಕ್ ವಿಸ್ಕಿ ಬಾಟಲಿ ಮೇಲೆ ಜಿಂಕೆ ಚಿತ್ರ ಇರುವುದೂ ಇದೇ ಕಾರಣಕ್ಕೆ. ಒಟ್ಟಿನಲ್ಲಿ ತಮ್ಮ ಮನೆತನದ ಹೆಸರನ್ನೇ ಪರಭಾಷೆಗೆ ತಿರುಗಿಸಿ ಬೋರ್ಡು ಹಾಕಿಕೊಂಡಿದ್ದಾರೆ ಅನ್ನಿ.

ಜಗತ್ತಿನ 50 ಅತ್ಯುತ್ತಮ ಬಾರ್‌ಗಳ ಪಟ್ಟಿ ಅಂತ ಪ್ರತಿವರ್ಷ ಒಂದು ಬರುತ್ತದೆ. ಅದರಲ್ಲೂ, ಏಷ್ಯಾದ ಪಟ್ಟಿಯಲ್ಲೂ ಈ ಬಾರ್ ಹಲವು ಸಲ ಕಾಣಿಸಿಕೊಂಡಿದೆ. ಪಟ್ಟಿಗಳ ಮಾತು ಪಕ್ಕಕ್ಕಿಡೋಣ. ನಮಗೆ ಬೇಕಾದ ಸಂಗತಿ ಬೇರೆ. ಈ ಬಾರಿಗೆ ಬೇಕಾದ ಸೊಪ್ಪು-ಸದೆಯಲ್ಲಿ ದೊಡ್ಡ ಪಾಲು ಬರುವುದು ಅವರ ಮನೆಯ ಹೊಲದಿಂದ. ವರ್ಮ್‌ವುಡ್ ಎಂಬ ಕಹಿ ಗಿಡ, ಪುದೀನ, ಸೋಂಪಿನ ಜಾತಿಯವು, ಜುನಿಪರ್ ಹೀಗೆ ಬೆಳೆಸಿ, ತಾವೇ ಕೊಯ್ದು ಟೋಕಿಯೊಗೆ ತರುತ್ತಾರೆ. ಸುತ್ತಲಿನ ಕಾಡುಮೇಡಿನಲ್ಲಿ ಸಿಗುವುದನ್ನೂ ಬಿಡುವುದಿಲ್ಲ. ರಾತ್ರಿ ಕೋಟು, ಹಗಲು ಗಮ್‌ಬೂಟು!

ಜಪಾನಿನ ಹಳ್ಳಿಗಳ ಪರಿಸ್ಥಿತಿ ಗೊತ್ತಿಲ್ಲದಿದ್ದರೆ ಇದರ ತೂಕ ತಿಳಿಯುವುದಿಲ್ಲ. ಅಲ್ಲಿ 2020ರ ಕೃಷಿ ಗಣತಿ ಪ್ರಕಾರ ಬೇಸಾಯವನ್ನೇ ಮುಖ್ಯ ಕಸುಬಾಗಿಸಿಕೊಂಡವರ ಸರಾಸರಿ ವಯಸ್ಸು 67.8. ಸರಾಸರಿ ಅಂದ್ರೆ ಅರ್ಥ ಮಾಡಿಕೊಳ್ಳಿ, ಎಪ್ಪತ್ತು-ಎಂಬತ್ತರ ಅಜ್ಜಂದಿರೇ ಟಿಲ್ಲರ್ ಓಡಿಸುತ್ತಿದ್ದಾರೆ. ಮಕ್ಕಳು ಪೇಟೆ ಸೇರಿದ್ದಾರೆ, ಎಷ್ಟೋ ಕಡೆ ಗದ್ದೆ ಬೀಳು ಬಿದ್ದಿದೆ. ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ಇಬ್ಬರು ಮುದುಕರು, ಒಂದು ನಾಯಿ ಮಾತ್ರ ಉಳಿದಿರುವುದನ್ನು ಕಂಡವರಿಗೆ ಇದು ಹೊಸತೇನಲ್ಲ. ಕಯಾಮಾ ಕೂಡ ಪೇಟೆಗೆ ಹೋದವರೇ. 'ಮಗ ವಾಪಸ್ ಬಂದು ಬೇಸಾಯ ಮಾಡಿದ' ಅನ್ನೋ ಸಿನಿಮಾ ಕಥೆ ಇಲ್ಲಿ ಇಲ್ಲ. ಹೊಲದ ಒಂದು ತುಂಡಿಗೆ ಪೇಟೆಯಲ್ಲಿ ತಾವೇ ಗಿರಾಕಿ ಆದರು, ಅಷ್ಟೇ. ನನಗೆ ಇದು ಸಿನಿಮಾ ಕಥೆಗಿಂತ ನಂಬಲರ್ಹ ಅನ್ನಿಸುತ್ತದೆ. ಯಾಕಂದ್ರೆ ಊರಿಗೆ ವಾಪಸ್ ಬರುವ ಧೈರ್ಯ, ಅನುಕೂಲ ಎಲ್ಲರಿಗೂ ಇರುವುದಿಲ್ಲ. ಇದ್ದಲ್ಲಿಂದಲೇ ಹೊಲಕ್ಕೆ ಒಂದು ದಾರಿ ಮಾಡುವುದು ಅದಕ್ಕಿಂತ ಹೆಚ್ಚು ಜನರಿಗೆ ಸಾಧ್ಯ.

ಅವರ ಬಾರಿನಲ್ಲಿ ಮೆನು ಕಾರ್ಡು ಇಲ್ಲ. ಗಿರಾಕಿ ಬಂದು ಕೂತರೆ ಯಾವ ರುಚಿ ಬೇಕು, ಹುಳಿಯೋ ಕಹಿಯೋ, ಖಾರವಾಗಿರಬೇಕೋ ಹಗುರವಾಗಿರಬೇಕೋ ಅಂತ ವಿಚಾರಿಸಿ, ಆ ದಿನ ಕಟ್ಟೆ ಮೇಲೆ ಏನಿದೆಯೋ ಅದರಲ್ಲಿ ಮಾಡಿಕೊಡುತ್ತಾರೆ. ಮೆನು ಛಾಪಿಸಿಟ್ಟರೆ ವರ್ಷವಿಡೀ ಅದೇ ಸೊಪ್ಪು ಬೇಕೇಬೇಕು, ಹೊಲ ಅದನ್ನು ಒಪ್ಪುತ್ತದಾ? ಇಂದು ಬೇರು, ನಾಳೆ ಹೂವು, ಚಳಿಗಾಲಕ್ಕೆ ಒಣಗಿಸಿ ಡಬ್ಬಿಯಲ್ಲಿಟ್ಟದ್ದು. ಹೊಲದ ಪಂಚಾಂಗ ನೋಡಿ ಅಂಗಡಿ ನಡೆಸುವ ಕ್ರಮ ಇದು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಅಡುಗೆ ಬೇರೆ, ಬೇಸಗೆಯ ಅಡುಗೆ ಬೇರೆ ಇರುವ ಹಾಗೆ.

ಇವರ ಮೂಲ ನಂಬಿಕೆ ಏನು ಅಂತ ಅವರ ಕೆಲಸ ನೋಡಿದರೇ ಗೊತ್ತಾಗುತ್ತದೆ. ಇವತ್ತು ಬಾಟಲಿಯಲ್ಲಿ ಬರುವ ಎಷ್ಟೋ ಪಾನೀಯಗಳು ಒಂದು ಕಾಲದಲ್ಲಿ ಯಾರದೋ ಹಿತ್ತಲಿನ ಗಿಡಮೂಲಿಕೆಗಳೇ. ಜಿನ್ ಅಂದರೆ ಮುಖ್ಯವಾಗಿ ಜುನಿಪರ್ ಕಾಯಿಯ ಪರಿಮಳ. ವರ್ಮೂತ್ ಅನ್ನೋ ಹೆಸರೇ ಜರ್ಮನ್ ಭಾಷೆಯ ವರ್ಮ್‌ವುಡ್ ಗಿಡದ ಹೆಸರಿನಿಂದ ಬಂದದ್ದು. ಫ್ರಾನ್ಸಿನ ಸನ್ಯಾಸಿ ಮಠದಲ್ಲಿ ಹುಟ್ಟಿದ ಶಾರ್ಟ್ರೂಸ್ ಎಂಬ ಹಸಿರು ಮದ್ಯಕ್ಕೆ 130 ಬಗೆಯ ಗಿಡಮೂಲಿಕೆ ಹಾಕುತ್ತಾರೆ ಅಂತ ಅದನ್ನು ಮಾಡುವವರೇ ಹೇಳುತ್ತಾರೆ. ಟಾನಿಕ್ ನೀರಿನ ಕಹಿ ಸಿಂಕೋನಾ ತೊಗಟೆಯದು. ನೀಲಗಿರಿಯಲ್ಲಿ ಬ್ರಿಟಿಷರು ಬೆಳೆಸಿದ ಅದೇ ಮಲೇರಿಯಾ ಮದ್ದಿನ ಮರ. ಇವೆಲ್ಲ ಕಾರ್ಖಾನೆ ಸೇರಿ, ಬಣ್ಣ, ಸಕ್ಕರೆ, ಜಾಹೀರಾತು ಸೇರಿಕೊಂಡು, ಯಾವ ಗಿಡದಿಂದ ಬಂತು ಅನ್ನೋದೇ ಮರೆತುಹೋಯಿತು. ಕಯಾಮಾ ಹಳೆಯ ಗಿಡಮೂಲಿಕೆ ಪುಸ್ತಕಗಳನ್ನೂ ಹಳೆಯ ಬಾಟಲಿಗಳನ್ನೂ ಸಂಗ್ರಹಿಸಿ, ಬಾಟಲಿಯಿಂದ ಹಿಮ್ಮುಖವಾಗಿ ಗಿಡಕ್ಕೆ ನಡೆಯುತ್ತಿದ್ದಾರೆ.

ಇದರಲ್ಲಿ ಅವರಿಗೆ ಅತಿ ಪ್ರಿಯವಾದದ್ದು ಅಬ್ಸಿಂತ್ ಎಂಬ ಕಹಿ ಮದ್ಯ. ವರ್ಮ್‌ವುಡ್, ಸೋಂಪು ಇತ್ಯಾದಿಗಳಿಂದ ಆಗುವಂಥದ್ದು. ಇದರ ಚರಿತ್ರೆ ದ್ರಾಕ್ಷಿ ಬೆಳೆಗಾರರು ಕೇಳಲೇಬೇಕು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನೋ ಹೇನಿನಂಥ ಪುಟ್ಟ ಕೀಟ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರು ತಿಂದು ಊರಿಗೆ ಊರೇ ತೋಟ ಒಣಗಿಸಿತು. ವೈನ್ ಸಿಗದಾಯಿತು, ಬೆಲೆ ಏರಿತು. ಆ ಜಾಗಕ್ಕೆ ಅಬ್ಸಿಂತ್ ನುಗ್ಗಿತು. ಕೊನೆಗೆ ಅಮೆರಿಕದ ಬಳ್ಳಿಯ ಬುಡಕ್ಕೆ ಫ್ರಾನ್ಸಿನ ಕಡ್ಡಿ ಕಸಿ ಕಟ್ಟಿ ತೋಟ ಉಳಿಸಿಕೊಂಡರು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರು ಚೌಳು ಮತ್ತು ಬರ ತಡೆಯಲಿ ಅಂತ ಹಾಕುವ ಡಾಗ್‌ರಿಡ್ಜ್ ರೂಟ್‌ಸ್ಟಾಕ್ ಕೂಡ ಅಮೆರಿಕ ಮೂಲದ್ದೇ. ವೈನ್ ಚೇತರಿಸಿಕೊಂಡ ಮೇಲೆ ಅಬ್ಸಿಂತ್ ಮೇಲೆ ಎಲ್ಲರ ಕಣ್ಣು ಬಿತ್ತು. ಕುಡಿತದ ಹಾವಳಿಗೆಲ್ಲ ಅದೇ ಕಾರಣ ಅಂತ ಕೂಗೆದ್ದು, 1915ರಲ್ಲಿ ಫ್ರಾನ್ಸಿನಲ್ಲಿ ನಿಷೇಧ ಆಯಿತು. ಒಂದು ಕೀಟ ಒಂದು ಗಿಡವನ್ನು ಕೊಂದರೆ ಮತ್ತೊಂದು ಗಿಡದ ಮಾರುಕಟ್ಟೆ ಹೇಗೆ ಎದ್ದು ಬೀಳುತ್ತದೆ ನೋಡಿ.

ಕೀಟದ ಮಾತು ಬಂತು, ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಇಟಲಿಯಲ್ಲಿ 1860ರಲ್ಲಿ ಹುಟ್ಟಿದ ಕಂಪಾರಿ ಎಂಬ ಕೆಂಪು ಕಹಿ ಪಾನೀಯಕ್ಕೆ ಬಣ್ಣ ಕೊಡುತ್ತಿದ್ದದ್ದು ಕೋಚಿನಿಯಲ್ ಅನ್ನೋ ಕೀಟ. ಕಳ್ಳಿ ಗಿಡದ ಮೇಲೆ ಬಿಳಿ ಹತ್ತಿಯ ಹಾಗೆ ಅಂಟಿಕೊಂಡಿರುತ್ತದೆ, ಜಜ್ಜಿದರೆ ರಕ್ತಗೆಂಪು. ನಮ್ಮ ಹಿಟ್ಟು ತಿಗಣೆಯ ದೂರದ ನೆಂಟ. 2006ರ ಹೊತ್ತಿಗೆ ಆ ಕಂಪನಿ ಹೆಚ್ಚಿನ ದೇಶಗಳಲ್ಲಿ ಕೀಟದ ಬಣ್ಣ ಬಿಟ್ಟು ಕೃತಕ ಬಣ್ಣಕ್ಕೆ ಹೋಯಿತು. ಕಯಾಮಾ ಈಗಲೂ ಗಿರಾಕಿ ಎದುರು ಒಣಗಿದ ಕೋಚಿನಿಯಲ್ ಹಾಕಿ ಕುಟ್ಟಿ, ಬೇರು, ಸಿಪ್ಪೆ ಸೇರಿಸಿ ತಮ್ಮದೇ 'ತಾಜಾ ಕಂಪಾರಿ' ಮಾಡುತ್ತಾರೆ. ಹುಳದ ಬಣ್ಣವಾ ಅಂತ ಮೂಗು ಮುರಿಯುವವರು ಇರಬಹುದು. ಆದರೆ ಈ ಹುಳಕ್ಕೂ ನಮಗೂ ಹಳೇ ಲೆಕ್ಕ ಇದೆ. ಬಣ್ಣದ ಆಸೆಗೆ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಕೋಚಿನಿಯಲ್ ಅಂದುಕೊಂಡು ಅದರ ಬೇರೊಂದು ಜಾತಿಯನ್ನು ಬ್ರೆಜಿಲ್‌ನಿಂದ ಇಂಡಿಯಾಕ್ಕೆ ತಂದರು. ಬಣ್ಣ ಬರಲಿಲ್ಲ. ಆದರೆ ಅದು ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ಮುಗಿಸಿತು. ಕಳೆಯನ್ನು ಕೀಟದಿಂದ ಹತೋಟಿ ಮಾಡಿದ ಜಗತ್ತಿನ ಮೊದಲ ಉದಾಹರಣೆ ಅಂತ ಕೃಷಿ ಪಠ್ಯಗಳಲ್ಲಿ ಬರುವುದು ಇದೇ. 1926ರಲ್ಲಿ ಮತ್ತೊಂದು ಜಾತಿ ತಂದು ದಕ್ಷಿಣ ಭಾರತದ ಬಯಲಿನ ಕಳ್ಳಿಯನ್ನೂ ಬಗ್ಗಿಸಿದರು.

ಇರಲಿ, ಬಾರಿಗೆ ಬರೋಣ. ಇಷ್ಟೆಲ್ಲ ಸುಲಭವಾಗಿ ನಡೆಯುವ ವ್ಯವಹಾರ ಅಂತ ತಿಳಿಯಬೇಡಿ. ಕಾನೂನು ಬಿಗಿ. ಮದ್ಯಕ್ಕೆ ಹಣ್ಣು, ಸೊಪ್ಪು ನೆನೆಹಾಕಿದರೂ ಜಪಾನಿನ ಮದ್ಯ ತೆರಿಗೆ ಕಾನೂನು ಅದನ್ನು 'ತಯಾರಿಕೆ' ಅಂತಲೇ ನೋಡುತ್ತದೆ. ಆಗಲೇ ಬೆರೆಸಿ ಆಗಲೇ ಕುಡಿಯಲು ಕೊಟ್ಟರೆ ಅಡ್ಡಿಯಿಲ್ಲ. ನೆನೆಹಾಕಿ ಇಡುವುದಕ್ಕೆ ಹೋಟೆಲು, ಬಾರುಗಳಿಗೆ 2008ರಲ್ಲಷ್ಟೇ ಷರತ್ತಿನ ವಿನಾಯಿತಿ ಸಿಕ್ಕಿತು. ಬಳಸುವ ಮದ್ಯ ಶೇ. 20ಕ್ಕಿಂತ ಕಡಿಮೆ ಇರಕೂಡದು, ದ್ರಾಕ್ಷಿ, ಧಾನ್ಯ ಹಾಕಕೂಡದು, ಮಾಡಿದ್ದನ್ನು ಅಲ್ಲೇ ಕೂತ ಗಿರಾಕಿಗೆ ಕೊಡಬೇಕು. ನಮ್ಮಲ್ಲೂ ಯಾರಾದರೂ 'ನಾನೂ ಮನೇಲಿ ಭಟ್ಟಿ ಇಳಿಸ್ತೀನಿ' ಅಂತ ಹೊರಟರೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅದು ಅಪರಾಧ. ಸೊಪ್ಪಿನಿಂದ ಸುಗಂಧ ತೈಲ ಇಳಿಸುವ ಭಟ್ಟಿಯೇ ಬೇರೆ, ಮದ್ಯದ ಭಟ್ಟಿಯೇ ಬೇರೆ. ಇವೆರಡನ್ನು ಕಲಸಿಕೊಳ್ಳಬೇಡಿ.

ಈಗ ನಮ್ಮ ಹೊಲದ ಮಾತು. ಬೆಂಗಳೂರು, ಗೋವಾ, ಮುಂಬಯಿಯಲ್ಲೂ ಇಂಥ ಕೈಯಾರೆ ಪಾನೀಯ ಮಾಡುವ ಬಾರುಗಳು, ಮದ್ಯವೇ ಇಲ್ಲದ ಪಾನೀಯ ಕೊಡುವ ಕೆಫೆಗಳು ಹೆಚ್ಚಿವೆ. ಅವರಿಗೆ ಬೇಕಾಗುವುದರಲ್ಲಿ ಎಷ್ಟೋ ವಸ್ತುಗಳು ನಮ್ಮ ಬೇಲಿ ಸಾಲಿನಲ್ಲೇ ಇವೆ. ಪುನರ್ಪುಳಿ, ಮಾವಿನ ಶುಂಠಿ, ಹೇರಳೆ, ಗಜನಿಂಬೆ, ನೇರಳೆ, ಲಾವಂಚದ ಬೇರು, ನಿಂಬೆಹುಲ್ಲು, ವೀಳ್ಯದೆಲೆ. ಹಿತ್ತಲ ಗಿಡ ಮದ್ದಲ್ಲ ಅಂತ ನಾವು ದಾಟಿ ಹೋಗುವಂಥವು. ವರ್ಮ್‌ವುಡ್‌ನ ಜಾತಿಯದೇ ಆದ ನಮ್ಮ ದವನವನ್ನೇ ನೋಡಿ. ಜಾತ್ರೆಗೆ, ದೇವರಿಗೆ, ಹೂಮಾಲೆಗೆ ಅಂತಷ್ಟೇ ಹೆಚ್ಚಿನವರಿಗೆ ಗೊತ್ತು. ಇದರ ಎಣ್ಣೆ ಪರದೇಶದ ಸುಗಂಧ ಮತ್ತು ಆಹಾರ ಉದ್ಯಮಕ್ಕೆ ಹೋಗುತ್ತದೆ. ಕರ್ನಾಟಕವೇ ಇದರ ಮುಖ್ಯ ಬೆಳೆ ನಾಡು. ಬೆಂಗಳೂರಿನಲ್ಲಿರುವ ಸೀಮ್ಯಾಪ್ ಸಂಶೋಧನಾ ಕೇಂದ್ರ ಈ ಬೆಳೆ ಮೇಲೆ ಬಹಳ ಕೆಲಸ ಮಾಡಿದೆ. ನವೆಂಬರ್ ಹೊತ್ತಿಗೆ ಸಸಿಮಡಿ ಮಾಡಿದರೆ ಫೆಬ್ರವರಿ-ಮಾರ್ಚಿಗೆ ಕೊಯ್ಲು, ಸುಮಾರು ನಾಲ್ಕು ತಿಂಗಳ ಬೆಳೆ.

ಆದರೆ ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. 'ಬಾರುಗಳಿಗೆ ಭಾರಿ ಬೇಡಿಕೆ' ಅಂತ ಯಾರಾದರೂ ವಿಡಿಯೊ ಮಾಡಿದ್ದನ್ನು ನೋಡಿ ಒಂದು ಎಕರೆ ರೋಸ್‌ಮರಿ ಹಾಕಲು ಹೋಗಬೇಡಿ. ಲೆಕ್ಕ ಹಾಕಿ ನೋಡಿ. ಒಂದು ಲೋಟಕ್ಕೆ ಪುದೀನ ಎಲೆ ಬೇಕಾಗುವುದು ಎಂಟೋ ಹತ್ತೋ. ರಾತ್ರಿಗೆ ನಲವತ್ತು ಲೋಟ ಹೋದರೂ ನಾನೂರು ಎಲೆ, ಅಂದ್ರೆ ಒಂದು ಪುಟ್ಟ ಬುಟ್ಟಿ. ಹತ್ತು ಬಾರು ಹಿಡಿದರೂ ನಾಲ್ಕು ಸಾಲು ಗಿಡ ಸಾಕು. ಕಯಾಮಾ ಅವರದೂ ಇದೇ ಕಥೆ. ಅವರ ಹೊಲಕ್ಕೆ ಬೆಲೆ ಬಂದಿರುವುದು ಟನ್ನು ಲೆಕ್ಕದಲ್ಲಿ ಬೆಳೆದದ್ದಕ್ಕಲ್ಲ, ಹಿಡಿ ಲೆಕ್ಕದಲ್ಲಿ ಬೆಳೆದು ಲೋಟದ ತನಕ ತಾವೇ ಒಯ್ದದ್ದಕ್ಕೆ. ನಡುವೆ ದಲ್ಲಾಳಿ ಇಲ್ಲ, ಮಂಡಿ ಇಲ್ಲ. ಬೆಳೆದವರೇ ಮಾರುವವರು. ನಾವು ನೀವು ಬಾರ್ ತೆಗೆಯಬೇಕಾಗಿಲ್ಲ, ಆದರೆ ಒಂದು ಅಡುಗೆಮನೆ ಜತೆ ನೇರ ಪರಿಚಯ ಮಾಡಿಕೊಳ್ಳದೆ ಈ ದಾರಿ ತೆರೆಯುವುದಿಲ್ಲ. ಹಾಗಾಗಿ ಇದನ್ನು ಬೇಲಿ ಸಾಲಿನ ಆದಾಯ ಅಂತ ನೋಡಿ. ಅಡಿಕೆ, ಕಾಫಿ, ರಾಗಿಯ ಜಾಗ ಕಿತ್ತುಕೊಳ್ಳುವ ಬೆಳೆ ಇದಲ್ಲ.

ಗುಣಮಟ್ಟದಲ್ಲಿ ಈ ಗಿರಾಕಿಗಳು ಮಂಡಿಯವರ ಹಾಗಲ್ಲ. ಮಂಡಿಯಲ್ಲಿ ಗಾತ್ರ, ಹೊಳಪು ನೋಡುತ್ತಾರೆ. ಇಲ್ಲಿ ನೋಡುವುದು ಪರಿಮಳ. ಕಿತ್ತಳೆ, ನಿಂಬೆಯಲ್ಲಿ ಪರಿಮಳ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ರಸದಲ್ಲಿ ಕಡಿಮೆ. ಬಾರಿನವರು ಸಿಪ್ಪೆಯನ್ನೇ ಹಿಂಡುತ್ತಾರೆ. ಹೀಗಾಗಿ ಮೇಣ ಹಚ್ಚಿ ಹೊಳಪು ಕೊಟ್ಟ, ಔಷಧಿ ಹೊಡೆದ ಹಣ್ಣು ಅವರಿಗೆ ಬೇಡ. ಚುಕ್ಕೆ ಬಿದ್ದ, ಸಿಂಪಡಣೆ ಕಾಣದ ಕೊಡಗಿನ ಕಿತ್ತಳೆ ಬೇಕು. ಇನ್ನೂ ಒಂದು ವಿಷಯ ಇದೆ, ಇದು ಬಹಳ ಮುಖ್ಯ. ನೀರಿನಲ್ಲಿ ಕರಗದ ಎಷ್ಟೋ ಅಂಶಗಳನ್ನು ಮದ್ಯಸಾರ ಕರಗಿಸಿ ಎಳೆದುಕೊಳ್ಳುತ್ತದೆ. ಪರಿಮಳ ಬರುವುದೂ ಅದರಿಂದಲೇ. ಎಲೆ ಮೇಲೆ ಕೀಟನಾಶಕ ಉಳಿದಿದ್ದರೆ ಅದನ್ನೂ ಎಳೆದುಕೊಳ್ಳಬಲ್ಲದು, ನಲ್ಲಿ ಕೆಳಗೆ ತೊಳೆದ ಮಾತ್ರಕ್ಕೆ ಹೋಗುವಂಥದ್ದಲ್ಲ. 'ಸಾವಯವ' ಅಂತ ಬಾಯಲ್ಲಿ ಹೇಳಿ ಪಕ್ಕದ ಟೊಮ್ಯಾಟೊ ಸಾಲಿನ ಸಿಂಪಡಣೆ ಗಾಳಿಗೆ ಬಂದು ಕೂತರೆ ಗಿರಾಕಿಯ ಹೊಟ್ಟೆಗೆ ಮೋಸ. ಈ ಸೊಪ್ಪಿನ ಸಾಲು ಸಿಂಪಡಣೆ ಬೆಳೆಗಳಿಂದ ದೂರ ಇರಲಿ, ನಡುವೆ ಎತ್ತರದ ಬೇಲಿ ಇರಲಿ.

ಕೊಯ್ಲು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಪುದೀನ, ತುಳಸಿ ಜಾತಿಯವುಗಳಲ್ಲಿ ಮೊಗ್ಗು ಮೂಡಿ ಹೂ ಬಿಡಲು ಶುರುವಾಗುವ ಹೊತ್ತಿಗೆ ಎಣ್ಣೆ ಜಾಸ್ತಿ. ದವನದ್ದಾದರೆ ಹೂ ಬಂದ ಮೇಲೇ ಕೊಯ್ಯಬೇಕು. ಒದ್ದೆ ಸೊಪ್ಪನ್ನು ಪ್ಲಾಸ್ಟಿಕ್ಕಿನಲ್ಲಿ ಒತ್ತಿ ತುಂಬಿದರೆ ಬಸ್ಸಿನಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಕಪ್ಪಾಗುತ್ತದೆ. ಒಣಗಿಸುವುದಾದರೆ ನೆರಳಲ್ಲಿ, ಗಾಳಿಯಾಡುವ ಅಟ್ಟದಲ್ಲಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಯಿತು, ವಾಸನೆಯೂ ಹೋಯಿತು. ಗುರುತು ಖಚಿತ ಇಲ್ಲದ ಕಾಡು ಸೊಪ್ಪನ್ನು, ಅಜ್ಜಿ ಔಷಧಿಗೆ ಬಳಸುತ್ತಿದ್ದಳು ಅನ್ನೋ ಒಂದೇ ಕಾರಣಕ್ಕೆ, ಯಾರಿಗೂ ಮಾರಬೇಡಿ. ವರ್ಮ್‌ವುಡ್‌ನಲ್ಲೇ ತುಜೋನ್ ಎಂಬ ಅಂಶ ಇದೆ, ಹೆಚ್ಚಾದರೆ ನರಗಳಿಗೆ ಕೆಟ್ಟದ್ದು, ಯುರೋಪಿನಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ. ನಮ್ಮ ಮಾಚಿಪತ್ರೆಯೂ ಅದೇ ಬಳಗ.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಪ್ರತಿ ಹಳ್ಳಿಯಲ್ಲೂ ಇವೆ. ಪತ್ರೆಗೆ ಸಹಿ ಹಾಕಿ ಹೊಲ ಕಳೆದವರು, ಹೆಂಡತಿಯ ತಾಳಿ ಅಡವಿಟ್ಟವರು. ಆ ಹೆಂಗಸರ ಮುಂದೆ ನಿಂತು 'ಕಾಕ್‌ಟೇಲ್ ಒಂದು ಕಲೆ' ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಒಂದು ಲೋಟವನ್ನು ಅರ್ಧ ಗಂಟೆ ಕೂತು ಮೂಸಿ ಕುಡಿಯುವ ಜಾಗ, ಸ್ಯಾಚೆ ಹರಿದು ನಿಂತಲ್ಲೇ ಸುರಿದುಕೊಳ್ಳುವ ಜಾಗ ಎರಡೂ ಬೇರೆ ಬೇರೆ ಅನ್ನೋದು ನಿಜ. ಆದರೆ ಲೋಟದಲ್ಲಿರುವುದು ಎರಡೂ ಕಡೆ ಮದ್ಯವೇ. ಹಾಗಾಗಿ ನನ್ನ ಮಟ್ಟಿಗೆ ಕಯಾಮಾ ಅವರಲ್ಲಿ ಕಲಿಯಬೇಕಾದದ್ದು ಕುಟ್ಟಾಣಿ, ಹೊಲ, ಋತುವಿನ ಲೆಕ್ಕ. ಅದೇ ಸೊಪ್ಪು, ಅದೇ ಸಿಪ್ಪೆಯಿಂದ ಮದ್ಯ ಇಲ್ಲದೆಯೂ ಒಳ್ಳೆ ಪಾನೀಯ ಆಗುತ್ತದೆ. ಪುನರ್ಪುಳಿ ಶರಬತ್ತಿಗೆ ನಾಲ್ಕು ಎಲೆ ನಿಂಬೆಹುಲ್ಲು ಜಜ್ಜಿ ಹಾಕಿ ನೋಡಿ. ಲಾವಂಚದ ನೀರಿಗೆ ಮಾವಿನ ಶುಂಠಿ ತುರಿದು ಹಿಂಡಿ ನೋಡಿ. ರಸ್ತೆ ಬದಿಯ ಜಮೀನು ಇದ್ದವರು, ಹೋಂಸ್ಟೇ ನಡೆಸುವವರು ಇದನ್ನು ನಾಳೆಯಿಂದಲೇ ಶುರು ಮಾಡಬಹುದು, ಯಾವ ಅಬಕಾರಿ ಸನ್ನದೂ ಬೇಡ. ತಿಂಡಿ-ಪಾನೀಯ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮಾಡಿಸಿಕೊಳ್ಳಿ.

ಬಾರು, ಕೆಫೆ, ರೆಸಾರ್ಟಿನವರಿಗೆ ಮಾರುವ ಯೋಚನೆ ಇರುವವರು ಮೊದಲು ಬೆಳೆ ಹಾಕಬೇಡಿ, ಮೊದಲು ಮಾದರಿ ಕೊಡಿ. ಹಿತ್ತಲಲ್ಲಿ ಈಗಾಗಲೇ ಇರುವ ನಾಲ್ಕೈದು ಬಗೆಯನ್ನು ನೂರು ನೂರು ಗ್ರಾಂ ಕಟ್ಟಿ, ಮೇಲೆ ಹೆಸರು, ಕೊಯ್ದ ದಿನಾಂಕ, ಊರು, ಸಿಂಪಡಣೆ ಇಲ್ಲ ಅನ್ನೋ ಮಾಹಿತಿ ಬರೆದು ಪಾನೀಯ ಮಾಡುವವರ ಕೈಗೇ ಕೊಡಿ, ಖರೀದಿ ಗುಮಾಸ್ತರಿಗಲ್ಲ. ವಾರಕ್ಕೆ ಎಷ್ಟು ಬೇಕು, ಯಾವ ತಿಂಗಳು ಬೇಡ, ದುಡ್ಡು ಎಷ್ಟು ದಿನಕ್ಕೆ ಕೊಡ್ತೀರಿ ಅಂತ ಮೂರು ಪ್ರಶ್ನೆ ಕೇಳಿ. ಮೂರನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಟೀ ಕುಡಿದು ವಾಪಸ್ ಬನ್ನಿ. ದವನ ಹಾಕುವ ಮನಸ್ಸಿದ್ದರೆ ಬೀಜಕ್ಕೆ ಅಕ್ಟೋಬರಿನಲ್ಲೇ ಓಡಾಡಿ. ಇದರ ಬೀಜ ಬಹಳ ಸಣ್ಣದು, ಹೊಸ ಬೀಜವೇ ಆಗಬೇಕು. ಮಡಿಗೆ ಚೆಲ್ಲುವಾಗ ಮರಳಿನ ಜತೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಹುಡಿಗೊಬ್ಬರ ಉದುರಿಸಿ, ಮೊಳಕೆ ಬರುವ ತನಕ ಹೂಜಿ ನೀರಿನಲ್ಲೇ ಒದ್ದೆ ಮಾಡಿ.